ಗೋಳಕ್ಕೆ ನೆರಳು, ಚಂದ್ರನಿಗೆ ಬೆಟ್ಟ

ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗೆ ಕೂತವರಿಗೆಲ್ಲ ಗೋಳದ ಪರಿಚಯ ಇದ್ದೇ ಇರುತ್ತದೆ. ಮೊದಲು ಒಂದು ವೃತ್ತ. ಆಮೇಲೆ ಕಿಟಕಿ ಯಾವ ಕಡೆಗಿದೆ ಎಂದು ನೋಡಿಕೊಂಡು, ಬೆಳಕು ನೇರವಾಗಿ ಬೀಳುವ ಜಾಗದಲ್ಲಿ ಕಾಗದವನ್ನು ಬಿಳಿಯಾಗಿಯೇ ಬಿಟ್ಟು, ಎದುರು ಬದಿಗೆ ಹೋಗುತ್ತ ಹೋಗುತ್ತ ಪೆನ್ಸಿಲಿನ ಗೆರೆಗಳನ್ನು ಒತ್ತಾಗಿ ಎಳೆಯಬೇಕು. ಕಪ್ಪು ಎಲ್ಲಕ್ಕಿಂತ ದಟ್ಟವಾಗಿರುವುದು ಗೋಳದ ಅಂಚಿನಲ್ಲಲ್ಲ, ಅಂಚಿಗಿಂತ ಸ್ವಲ್ಪ ಒಳಗೆ. ಅಂಚಿನ ಹತ್ತಿರ ನೆರಳು ಮತ್ತೆ ಕೊಂಚ ತಿಳಿಯಾಗಬೇಕು, ಏಕೆಂದರೆ ಮೇಜಿನ ಮೇಲೆ ಬಿದ್ದ ಬೆಳಕು ಪುಟಿದು ಅಲ್ಲಿಗೆ ತಲುಪಿರುತ್ತದೆ. ಕೊನೆಯಲ್ಲಿ ಮೇಜಿನ ಮೇಲೆ ಬೀಳುವ ನೆರಳು. ಇಷ್ಟಾದಾಗ ರೊಟ್ಟಿಯಂತೆ ಚಪ್ಪಟೆಯಾಗಿದ್ದ ವೃತ್ತ ಚೆಂಡಾಗಿ ಕಾಗದದಿಂದ ಮೇಲೇಳುತ್ತದೆ.

ಗೋಳ, ಘನ, ಶಂಕು, ಸಿಲಿಂಡರ್: ಈ ನಾಲ್ಕು ಆಕೃತಿಗಳನ್ನು ಸಾಕುಸಾಕಾಗುವಷ್ಟು ಬರೆಸಿದ ಮೇಲೆಯೇ ಮೇಷ್ಟ್ರು ಹೂಜಿಗೋ ಹಣ್ಣಿಗೋ ಹೋಗುವುದು. ಮಕ್ಕಳಿಗೆ ಇದು ಬೇಸರದ ಕೆಲಸ. ದೊಡ್ಡವರಿಗೆ ಇದೊಂದು ಕೈಚಳಕ, ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಷ್ಟವೇನಿಲ್ಲ. ವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತದ ಮೇಷ್ಟ್ರು ತೆಗೆದುಕೊಳ್ಳುವುದು ನಮ್ಮ ಎಷ್ಟೋ ಶಾಲೆಗಳ ವಾಡಿಕೆ. ಯಾರೂ ಅದಕ್ಕೆ ತಕರಾರು ತೆಗೆಯುವುದಿಲ್ಲ. ಆದರೆ ನಾಲ್ಕು ಶತಮಾನಗಳ ಹಿಂದೆ, ಈ ಅಭ್ಯಾಸ ಇದ್ದವನೊಬ್ಬ, ಇಲ್ಲದವನೊಬ್ಬ ಒಂದೇ ವರ್ಷ ಒಂದೇ ಚಂದ್ರನನ್ನು ನೋಡಿದರು. ಇಬ್ಬರೂ ದೊಡ್ಡ ಗಣಿತಜ್ಞರು. ಒಬ್ಬನಿಗೆ ಕಲೆಗಳು ಕಂಡವು, ಇನ್ನೊಬ್ಬನಿಗೆ ಬೆಟ್ಟಗಳು ಕಂಡವು.

ಅಲ್ಲಿಗೆ ಹೋಗುವ ಮೊದಲು ಈ ಅಭ್ಯಾಸ ಎಲ್ಲಿಂದ ಬಂತೆಂದು ನೋಡಬೇಕು. ಇಟಲಿಯ ಚಿತ್ರಕಾರ ಚೆನ್ನೀನೊ ಚೆನ್ನೀನಿ ಸುಮಾರು 1400ರ ಹೊತ್ತಿಗೆ ತನ್ನ ಕಸುಬಿನ ಕೈಪಿಡಿಯೊಂದನ್ನು ಬರೆದ. ಚಿತ್ರ ಬರೆಯಲು ಕೂತಾಗ ಬೆಳಕು ಎಡಗಡೆಯಿಂದ ಹದವಾಗಿ ಬರುವಂತೆ ನೋಡಿಕೊಳ್ಳಬೇಕು, ಬೆಳಕು ಯಾವ ಕಡೆಯಿಂದ ಬರುತ್ತದೆಯೋ ಅದನ್ನೇ ಅನುಸರಿಸಿ ನೆರಳು ಹಾಕಬೇಕು, ಹಾಗೆ ಮಾಡದಿದ್ದರೆ ಚಿತ್ರಕ್ಕೆ ಉಬ್ಬು ಬರುವುದಿಲ್ಲ ಎಂದು ಅವನು ಶಿಷ್ಯರಿಗೆ ಹೇಳುತ್ತಾನೆ. 1435ರಲ್ಲಿ ಚಿತ್ರಕಲೆಯ ಬಗ್ಗೆ ಗ್ರಂಥ ಬರೆದ ಲಿಯೋನ್ ಬತ್ತೀಸ್ತ ಆಲ್ಬೆರ್ತಿ ಇದಕ್ಕೆ ಶಾಸ್ತ್ರದ ರೂಪ ಕೊಟ್ಟ. ಮೇಲ್ಮೈ ಬಾಗಿದಂತೆಲ್ಲ ಅದರ ಮೇಲಿನ ಬೆಳಕು ಬದಲಾಗುತ್ತದೆ, ಆದ್ದರಿಂದ ಬಿಳಿ ಮತ್ತು ಕಪ್ಪನ್ನು ಹಂಚುವುದೆಂದರೆ ಬಾಗನ್ನು ಹೇಳುವುದು. ಬಿಳಿಯನ್ನು ಧಾರಾಳವಾಗಿ ಬಳಸುವ ಚಿತ್ರಕಾರರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕ್ಲಿಯೋಪಾತ್ರ ವಿನೆಗರಿನಲ್ಲಿ ಕರಗಿಸಿ ಕುಡಿದಳೆಂಬ ಮುತ್ತಿನಿಂದಲೇ ಬಿಳಿ, ಕಪ್ಪು ಬಣ್ಣಗಳನ್ನು ಮಾಡುವಂತಿದ್ದರೆ ಚಿತ್ರಕಾರರು ಜಿಪುಣರಾಗುತ್ತಿದ್ದರು ಎಂದು ಅವನ ಕೊರಗು.

ಅದೇ ಕಾಲದ ಫ್ಲಾರೆನ್ಸಿನಲ್ಲಿ ಪಾವೊಲೊ ಉಚ್ಚೆಲ್ಲೊ ಎಂಬ ಚಿತ್ರಕಾರ ಇಂಥ ಆಕೃತಿಗಳ ಹುಚ್ಚಿಗೇ ಬಿದ್ದಿದ್ದ. ಎಪ್ಪತ್ತೆರಡು ಮುಖಗಳಿದ್ದು, ಪ್ರತಿ ಮುಖದಲ್ಲೂ ವಜ್ರದ ಹರಳಿನಂತೆ ಮೊನೆ ಎದ್ದ ಗೋಳಗಳನ್ನು ಅವನು ಬರೆಯುತ್ತಿದ್ದನೆಂದು ಕಲಾವಿದರ ಜೀವನಚರಿತ್ರೆಗಳನ್ನು ಬರೆದ ವಸಾರಿ ಹೇಳುತ್ತಾನೆ. ಗೆಳೆಯ ದೊನಾತೆಲ್ಲೊ ಅದನ್ನೆಲ್ಲ ನೋಡಿ, ಉಪಯೋಗಕ್ಕೆ ಬಾರದ್ದಕ್ಕಾಗಿ ಇರುವ ಕೆಲಸ ಬಿಡುತ್ತಿದ್ದೀಯಲ್ಲ ಎಂದು ಗದರಿದನಂತೆ. ಉಬ್ಬುತಗ್ಗಿನ ಗೋಳದ ಮೇಲೆ ಬೆಳಕು ಹೇಗೆ ಬೀಳುತ್ತದೆ ಎಂಬುದು ಮುಂದಿನ ನೂರೈವತ್ತು ವರ್ಷ ಇಟಲಿಯಲ್ಲಿ ಪಾಠದ ವಿಷಯವಾಗಿಯೇ ಉಳಿಯಿತು. 1563ರಲ್ಲಿ ವಸಾರಿಯ ಮುಂದಾಳ್ತನದಲ್ಲಿ ಫ್ಲಾರೆನ್ಸಿನಲ್ಲಿ ರೇಖಾಚಿತ್ರದ ಹೆಸರಿನಲ್ಲೇ ಒಂದು ಅಕಾಡೆಮಿ ಹುಟ್ಟಿತು. 1596ರಲ್ಲಿ ಲೊರೆಂಜೊ ಸಿರಿಗಾತ್ತಿ ವೆನಿಸ್ಸಿನಲ್ಲಿ ಪ್ರಕಟಿಸಿದ ಪರ್ಸ್ಪೆಕ್ಟಿವ್ ಪುಸ್ತಕದಲ್ಲಿ ಮೊನೆಗಳೆದ್ದ ಗೋಳಗಳು ನೆರಳು ಸಮೇತ ಅಚ್ಚಾಗಿವೆ. ಪ್ರತಿ ಮೊನೆಗೂ ಒಂದು ಬೆಳಕಿನ ಮಗ್ಗುಲು, ಒಂದು ಕತ್ತಲೆಯ ಮಗ್ಗುಲು.

ಗೆಲಿಲಿಯೊ ಗೆಲಿಲಿ ಬೆಳೆದದ್ದು ಈ ವಾತಾವರಣದಲ್ಲಿ. ಅವನಿಗೆ ಗಣಿತ ಹೇಳಿಕೊಟ್ಟ ಒಸ್ತಿಲಿಯೊ ರಿಚ್ಚಿ ಮುಂದೆ ಅದೇ ಅಕಾಡೆಮಿಯಲ್ಲಿ ಪಾಠ ಮಾಡಿದವನು. ರಿಚ್ಚಿಯ ಇನ್ನೊಬ್ಬ ಶಿಷ್ಯ, ಚಿತ್ರಕಾರ ಲೊದೊವೀಕೊ ಚಿಗೋಲಿ, ಗೆಲಿಲಿಯೊನ ಜೀವಮಾನದ ಗೆಳೆಯನಾದ. ಚಿಕ್ಕಂದಿನಲ್ಲಿ ತನ್ನ ವೃತ್ತಿಯನ್ನು ತಾನೇ ಆರಿಸಿಕೊಳ್ಳುವಂತಿದ್ದರೆ ಗೆಲಿಲಿಯೊ ಚಿತ್ರಕಾರನೇ ಆಗುತ್ತಿದ್ದ ಎಂದು ಅವನ ಶಿಷ್ಯ ವಿವಿಯಾನಿ ಬರೆದಿಟ್ಟಿದ್ದಾನೆ.

ಈಗ 1609. ದೂರದರ್ಶಕ ಹೊಸದಾಗಿ ಹಾಲೆಂಡಿನಿಂದ ಹೊರಟು ಯುರೋಪಿನಲ್ಲೆಲ್ಲ ಹರಡುತ್ತಿದ್ದ ವರ್ಷ. ಲಂಡನ್ನಿನ ಪಶ್ಚಿಮಕ್ಕಿದ್ದ ಸಯನ್ ಹೌಸ್‌ನಲ್ಲಿ ಥಾಮಸ್ ಹ್ಯಾರಿಯಟ್ ಎಂಬ ವಿದ್ವಾಂಸನಿದ್ದ. ಬೀಜಗಣಿತದಲ್ಲಿ ಆ ಕಾಲದ ಇಂಗ್ಲೆಂಡಿನಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ವರ್ಷದ ಜುಲೈ 26ರಂದು, ಅಂದರೆ ಇಂಗ್ಲೆಂಡಿನ ಅಂದಿನ ಪಂಚಾಂಗದ ಪ್ರಕಾರ, ಅವನು ಆರು ಪಟ್ಟು ದೊಡ್ಡದಾಗಿ ತೋರಿಸುವ ಕೊಳವೆಯಿಂದ ಚಂದ್ರನನ್ನು ನೋಡಿ ಒಂದು ಚಿತ್ರ ಬರೆದ. ದೂರದರ್ಶಕದ ಮೂಲಕ ನೋಡಿ ಬರೆದ, ತಾರೀಖು ಗೊತ್ತಿರುವ ಮೊದಲ ಚಂದ್ರಚಿತ್ರ ಅದು. ಗೆಲಿಲಿಯೊಗಿಂತ ನಾಲ್ಕು ತಿಂಗಳು ಮೊದಲು. ಚಿತ್ರದಲ್ಲಿ ಇರುವುದು ಒಂದು ಅರೆಚಂದ್ರ, ಬೆಳಕು ಕತ್ತಲೆಗಳ ನಡುವೆ ಅಂಕುಡೊಂಕಾದ ಒಂದು ಗೆರೆ, ಬೆಳಕಿನ ಭಾಗದಲ್ಲಿ ಅಲ್ಲಲ್ಲಿ ಗೀಚಿದ ಕಪ್ಪು ಮಚ್ಚೆ. ಗೆರೆ ಏಕೆ ಡೊಂಕಾಗಿದೆ ಎಂಬ ಪ್ರಶ್ನೆ ಅಲ್ಲಿಲ್ಲ. ಹ್ಯಾರಿಯಟ್‌ನ ಗೆಳೆಯ ವಿಲಿಯಂ ಲೋವರ್ ವೇಲ್ಸ್‌ನಲ್ಲಿ ಇಂಥದೇ ಕೊಳವೆಯಿಂದ ಚಂದ್ರನನ್ನು ನೋಡಿ, ತನ್ನ ಅಡುಗೆಯವನು ಹೋದ ವಾರ ಮಾಡಿದ ಟಾರ್ಟ್ ಎಂಬ ತಿನಿಸಿನ ಹಾಗೆ ಕಾಣುತ್ತದೆ, ಒಂದು ಕಡೆ ಬಿಳಿ ಒಂದು ಕಡೆ ಕಪ್ಪು ಎಂದು ಪತ್ರ ಬರೆದ. ನಮ್ಮ ಹಿರಿಯರು ಅದೇ ಕಲೆಗಳಲ್ಲಿ ಮೊಲವನ್ನು ಕಂಡು ಚಂದ್ರನನ್ನು ಶಶಾಂಕನೆಂದರು. ಮೊಲವಾಗಲಿ ಟಾರ್ಟಾಗಲಿ, ಎರಡೂ ಚಪ್ಪಟೆ ಕಲೆಯನ್ನು ಓದುವ ಬಗೆ.

ನವೆಂಬರ್ 30ರಂದು ಪಾದುವಾದಲ್ಲಿ ಗೆಲಿಲಿಯೊ ತಾನೇ ತಯಾರಿಸಿದ, ಸುಮಾರು ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ ದೂರದರ್ಶಕವನ್ನು ಚಂದ್ರನತ್ತ ತಿರುಗಿಸಿದ. ಅವನ ಕೊಳವೆ ಹ್ಯಾರಿಯಟ್‌ನದಕ್ಕಿಂತ ಉತ್ತಮವಾಗಿತ್ತು ಎಂಬುದನ್ನು ಮರೆಯಬಾರದು. ಆದರೆ ಅವನು ಏನನ್ನು ಗಮನಿಸಿದ ಎಂಬುದು ಕೊಳವೆಯಿಂದ ಮಾತ್ರ ಬಂದದ್ದಲ್ಲ. ಚಂದ್ರನ ಕಪ್ಪು ಮಚ್ಚೆಗಳಿಗೆ ಒಂದು ಶಿಸ್ತಿದೆ: ಪ್ರತಿಯೊಂದರಲ್ಲೂ ಸೂರ್ಯನ ಕಡೆಗಿರುವ ಬದಿ ಕಪ್ಪು, ಸೂರ್ಯನಿಗೆ ದೂರವಾದ ಬದಿ ಬೆಳಕು. ಬಟ್ಟಲನ್ನು ಕಿಟಕಿಯ ಪಕ್ಕ ಇಟ್ಟು ನೋಡಿದವರಿಗೆ ಇದು ಗೊತ್ತು. ಉಬ್ಬಿದ ವಸ್ತುವಿನಲ್ಲಿ ಕಿಟಕಿಯ ಕಡೆಯ ಬದಿ ಬೆಳಗುತ್ತದೆ, ತಗ್ಗಿನಲ್ಲಿ ಕಿಟಕಿಯ ಕಡೆಯ ಗೋಡೆ ಕತ್ತಲಲ್ಲಿರುತ್ತದೆ. ಹಾಗಾದರೆ ಆ ಮಚ್ಚೆಗಳು ಬಣ್ಣವಲ್ಲ, ತಗ್ಗುಗಳು. ಗಂಟೆಗಳು ಕಳೆದಂತೆ, ಸೂರ್ಯ ಅಲ್ಲಿ ಮೇಲೇರಿದಂತೆ, ಆ ಕಪ್ಪು ಕುಗ್ಗುತ್ತ ಹೋಯಿತು. ಕತ್ತಲೆಯ ಭಾಗದಲ್ಲಿ, ಗಡಿಯಿಂದ ದೂರದಲ್ಲಿ, ಬೆಳಕಿನ ಚುಕ್ಕೆಗಳು ಹೊಳೆಯುತ್ತಿದ್ದವು. ಅವು ಬೆಳೆದು ಬೆಳಗಿದ ಭಾಗವನ್ನು ಕೂಡಿಕೊಂಡವು. ಮುಂಜಾನೆ ಕಣಿವೆ ಇನ್ನೂ ಕತ್ತಲಲ್ಲಿರುವಾಗ ಬೆಟ್ಟದ ನೆತ್ತಿಗೆ ಬಿಸಿಲು ತಾಗುವುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಅವನು ಆಗ ಕಂದು ಮಸಿಯನ್ನು ನೀರಿನಲ್ಲಿ ತೆಳುಮಾಡಿ ಕುಂಚದಿಂದ ಬರೆದ ಚಂದ್ರನ ಚಿತ್ರಗಳು ಫ್ಲಾರೆನ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಂದಿಗೂ ಇವೆ. ಕಾಗದದ ಬಿಳಿಯೇ ಬೆಳಕು, ಮಸಿಯ ಪದರಗಳೇ ನೆರಳು. 1610ರ ಮಾರ್ಚಿನಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಅವನ ಪುಟ್ಟ ಪುಸ್ತಕ ‘ನಕ್ಷತ್ರ ದೂತ’ಕ್ಕೆ ಈ ಚಿತ್ರಗಳನ್ನು ಆಧರಿಸಿ ಅಚ್ಚು ಕೊರೆಯಲಾಯಿತು. ಅಲ್ಲಿನ ಒಂದು ದೊಡ್ಡ ಕುಳಿ ನಿಜವಾದ ಚಂದ್ರನಲ್ಲಿರುವುದಕ್ಕಿಂತ ಬಹಳ ದೊಡ್ಡದಾಗಿದೆ. ಮೇಷ್ಟ್ರು ಹಲಗೆಯ ಮೇಲೆ ತೋರಿಸಬೇಕಾದದ್ದನ್ನು ಹಿಗ್ಗಿಸಿ ಬರೆಯುವುದಿಲ್ಲವೇ, ಹಾಗೆ.

ನೆರಳು ಹಾಕುವ ಅಭ್ಯಾಸ ಇಲ್ಲಿಂದ ಲೆಕ್ಕಕ್ಕೆ ತಿರುಗಿತು. ಕತ್ತಲೆಯಲ್ಲಿ ಹೊಳೆಯುವ ಶಿಖರ ಗಡಿರೇಖೆಯಿಂದ ಎಷ್ಟು ದೂರವಿದೆ ಎಂದು ಗೆಲಿಲಿಯೊ ಅಂದಾಜು ಮಾಡಿದ: ಚಂದ್ರನ ವ್ಯಾಸದ ಇಪ್ಪತ್ತರಲ್ಲೊಂದು ಭಾಗಕ್ಕಿಂತ ಕೆಲವೊಮ್ಮೆ ಹೆಚ್ಚು. ಅವನ ಲೆಕ್ಕದಲ್ಲಿ ಚಂದ್ರನ ವ್ಯಾಸ 2000 ಇಟಾಲಿಯನ್ ಮೈಲಿ, ಆದ್ದರಿಂದ ತ್ರಿಜ್ಯ 1000, ಶಿಖರದ ದೂರ 100. ಸೂರ್ಯಕಿರಣ ಗಡಿರೇಖೆಯಲ್ಲಿ ಚಂದ್ರನನ್ನು ಸವರಿಕೊಂಡು ನೇರವಾಗಿ ಹೋಗಿ ಶಿಖರದ ನೆತ್ತಿಯನ್ನು ಮುಟ್ಟುತ್ತದೆ. ಅಲ್ಲಿ ಒಂದು ಲಂಬಕೋನ ತ್ರಿಭುಜ ಸಿಗುತ್ತದೆ. 1000ದ ವರ್ಗಕ್ಕೆ 100ರ ವರ್ಗ ಸೇರಿಸಿದರೆ 10,10,000. ಅದರ ವರ್ಗಮೂಲ 1005ಕ್ಕೆ ತೀರ ಹತ್ತಿರ. ತ್ರಿಜ್ಯ ಕಳೆದರೆ ಉಳಿಯುವುದು ಬೆಟ್ಟದ ಎತ್ತರ. ನಾಲ್ಕು ಮೈಲಿಗಿಂತ ಹೆಚ್ಚು ಎಂದು ಅವನು ಬರೆದ. ಎಂಟನೆಯ ತರಗತಿಯ ಮಕ್ಕಳು ಮಾಡಬಹುದಾದ ಲೆಕ್ಕ ಇದು. ಹ್ಯಾರಿಯಟ್‌ಗೆ ಇದು ಬಾಯಿಪಾಠದಷ್ಟು ಸುಲಭ. ಆದರೆ ಚುಕ್ಕೆಯನ್ನು ಶಿಖರವೆಂದು ಕಾಣದ ಹೊರತು ತ್ರಿಭುಜವೇ ಇಲ್ಲ.

ಗೋಳದ ಅಂಚಿನ ತಿಳಿಯಾದ ನೆರಳಿಗೂ ಆಕಾಶದಲ್ಲಿ ಜೋಡಿ ಇದೆ. ಬಿದಿಗೆ ತದಿಗೆಯ ಸಂಜೆ ತೆಳ್ಳನೆಯ ಗೆರೆಯ ಜೊತೆಗೆ ಚಂದ್ರನ ಉಳಿದ ಭಾಗವೂ ಬೂದು ಬಣ್ಣದಲ್ಲಿ ಮಸುಕಾಗಿ ಕಾಣುತ್ತದೆ. ಅದು ಚಂದ್ರನದೇ ಸ್ವಂತ ಬೆಳಕೆಂದು ಕೆಲವರು, ಶುಕ್ರನದೆಂದು ಕೆಲವರು ಹೇಳುತ್ತಿದ್ದರು. ಭೂಮಿಯ ಮೇಲೆ ಬಿದ್ದ ಬಿಸಿಲು ಪುಟಿದು ಅಲ್ಲಿಗೆ ಹೋಗಿ ಬೀಳುತ್ತದೆ ಎಂದು ಗೆಲಿಲಿಯೊ ವಿವರಿಸಿದ. ನೂರು ವರ್ಷ ಮೊದಲೇ ಲಿಯೊನಾರ್ಡೊ ದ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಇದೇ ಅರ್ಥದ ಮಾತು ಬರೆದುಕೊಂಡಿದ್ದ, ಆದರೆ ಆ ಟಿಪ್ಪಣಿ ಅಚ್ಚಾಗಿರಲಿಲ್ಲ. ಇಬ್ಬರೂ ಚೆಂಡಿನ ಕೆಳಬದಿಗೆ ಮೇಜಿನ ಬೆಳಕು ತಾಗುವುದನ್ನು ನೋಡಿ ಬರೆದ ಪರಂಪರೆಯವರು. ಇಲ್ಲಿ ಭೂಮಿಯೇ ಮೇಜು.

ಗೆಲಿಲಿಯೊನ ಚಿತ್ರಾಭ್ಯಾಸವೇ ಅವನ ಕಣ್ಣನ್ನು ಸಿದ್ಧಪಡಿಸಿತು ಎಂಬ ವಾದವನ್ನು ಬಲವಾಗಿ ಮಂಡಿಸಿದವನು ಅಮೆರಿಕದ ಕಲಾ ಇತಿಹಾಸಕಾರ ಸ್ಯಾಮ್ಯುಯೆಲ್ ಎಡ್ಜರ್ಟನ್. ಇದೊಂದೇ ಕಾರಣವೆಂದು ಒಪ್ಪಬೇಕಾಗಿಲ್ಲ. ಒಳ್ಳೆಯ ಕೊಳವೆ ಇತ್ತು. ಭೂಮಿಯೂ ಒಂದು ಗ್ರಹ ಎಂಬ ಕೊಪರ್ನಿಕಸ್‌ನ ಮತದತ್ತ ಒಲವಿದ್ದವನಿಗೆ ಚಂದ್ರನಲ್ಲಿ ಬೆಟ್ಟ ಕಂಡರೆ ಸಂತೋಷವೇ. ಆದರೂ ಈ ವಾದದ ಪರವಾಗಿ ಆ ಕಾಲದವನೇ ಒಬ್ಬ ಸಾಕ್ಷಿ ಹೇಳಿದ್ದಾನೆ. ಆಕಾಶಕಾಯಗಳೆಲ್ಲ ನುಣುಪಾದ ಪರಿಪೂರ್ಣ ಗೋಳಗಳು ಎಂಬುದು ಅರಿಸ್ಟಾಟಲನ ಕಾಲದಿಂದ ಬಂದ ನಂಬಿಕೆ. 1611ರಲ್ಲಿ ರೋಮಿನ ಜೆಸುಯಿಟ್ ಕಾಲೇಜಿನ ಗಣಿತಜ್ಞರು ಗೆಲಿಲಿಯೊ ಕಂಡದ್ದನ್ನೆಲ್ಲ ತಾವೂ ಕಂಡು ಹೌದೆಂದರು, ಚಂದ್ರನ ವಿಷಯದಲ್ಲಿ ಮಾತ್ರ ಅವರಲ್ಲಿ ಹಿರಿಯನಾದ ಕ್ಲಾವಿಯಸ್ ಹಿಂಜರಿದ. ಅವನು ನಾವಿಂದು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರನ್ನು ರೂಪಿಸಿದವರಲ್ಲಿ ಒಬ್ಬ, ಯೂಕ್ಲಿಡ್‌ಗೆ ಭಾಷ್ಯ ಬರೆದವನು. ಮೇಲ್ಮೈ ಉಬ್ಬುತಗ್ಗಾಗಿರಲಾರದು, ಒಳಗಿನ ಸಾಂದ್ರತೆ ಒಂದೊಂದು ಕಡೆ ಒಂದೊಂದು ಬಗೆಯಾಗಿದೆ, ಅದಕ್ಕೇ ಹಾಗೆ ಕಾಣುತ್ತದೆ ಎಂದು ಅವನ ಅಭಿಪ್ರಾಯ. ಆ ಬೇಸಿಗೆಯಲ್ಲಿ ರೋಮಿನಲ್ಲಿ ಕೆಲಸ ಮಾಡುತ್ತಿದ್ದ ಚಿಗೋಲಿ ಗೆಳೆಯನಿಗೆ ಪತ್ರ ಬರೆದ. ಇದಕ್ಕೆ ತನಗೆ ತೋಚುವ ಕಾರಣ ಒಂದೇ, ರೇಖಾಚಿತ್ರ ಬಾರದ ಗಣಿತಜ್ಞ ಎಷ್ಟೇ ದೊಡ್ಡವನಾದರೂ ಅರ್ಧ ಗಣಿತಜ್ಞನೇ, ಸಾಲದ್ದಕ್ಕೆ ಕಣ್ಣಿಲ್ಲದವನು, ಎಂದು ಅದರ ಅಭಿಪ್ರಾಯ. ಮಾತು ಒರಟು. ಆದರೆ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ನಾವು ಒಮ್ಮೆಯಾದರೂ ಕೇಳಿಸಿಕೊಳ್ಳಬೇಕಾದ ಮಾತು.

ಚಿಗೋಲಿ ಮಾತಿಗೇ ನಿಲ್ಲಲಿಲ್ಲ. ರೋಮಿನ ಸಾಂತಾ ಮರಿಯಾ ಮಜ್ಜೋರೆ ಚರ್ಚಿನ ಗುಮ್ಮಟದಲ್ಲಿ ಅವನು 1612ರಲ್ಲಿ ಮುಗಿಸಿದ ಚಿತ್ರದಲ್ಲಿ ಮೇರಿ ಮಾತೆಯ ಪಾದದ ಕೆಳಗಿರುವುದು ನುಣುಪಾದ ಚಂದ್ರನಲ್ಲ, ಗೆಲಿಲಿಯೊ ಕಂಡ ಕುಳಿಬಿದ್ದ ಚಂದ್ರ. ಅದೇ ವರ್ಷ ಗೆಲಿಲಿಯೊ ಅವನಿಗೆ ಬರೆದನೆನ್ನಲಾದ ಪತ್ರವೊಂದಿದೆ. ಶಿಲ್ಪ ದೊಡ್ಡದೋ ಚಿತ್ರ ದೊಡ್ಡದೋ ಎಂಬ ಹಳೆಯ ಜಗಳ ಅದರ ವಿಷಯ. ಶಿಲ್ಪಕ್ಕೆ ನಿಜವಾದ ಉಬ್ಬಿದೆಯಲ್ಲ ಎಂದರೆ ಆ ಪತ್ರದ ಉತ್ತರ ಇದು: ಶಿಲ್ಪದ ಉಬ್ಬು ಕಣ್ಣಿಗೆ ಕಾಣುವುದೂ ಬೆಳಕು ನೆರಳಿನಿಂದಲೇ. ಬೆಳಕು ಬಿದ್ದ ಜಾಗಕ್ಕೆಲ್ಲ ಕಪ್ಪು ಬಳಿದು ಇಡೀ ವಿಗ್ರಹದ ಛಾಯೆಯನ್ನು ಒಂದೇ ಸಮನಾಗಿಸಿದರೆ ವಿಗ್ರಹವೂ ಚಪ್ಪಟೆಯಾಗಿಯೇ ಕಾಣುತ್ತದೆ.

ಇದನ್ನು ಪರೀಕ್ಷಿಸಲು ರೋಮಿಗೆ ಹೋಗಬೇಕಿಲ್ಲ. ಹಳ್ಳಿಯ ಕೆರೆ ಏರಿಯ ಮೇಲೋ ದೇವಸ್ಥಾನದ ಅಂಗಳದಲ್ಲೋ ಸವೆದು ನಿಂತ ಶಾಸನದ ಕಲ್ಲನ್ನು ನಡುಹಗಲಲ್ಲಿ ನೋಡಿದರೆ ಅಕ್ಷರ ಕಾಣುವುದಿಲ್ಲ. ಶಾಸನ ಓದುವವರು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿಗೆ ಕಾಯುತ್ತಾರೆ, ಇಲ್ಲವೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯುತ್ತಾರೆ. ಆಗ ಅಕ್ಷರದ ಒಂದು ದಡ ಕಪ್ಪಾಗಿ, ಇನ್ನೊಂದು ದಡ ಬೆಳ್ಳಗಾಗಿ ಸಾಲು ಏಳುತ್ತದೆ. ಹುಣ್ಣಿಮೆಯ ಚಂದ್ರನಲ್ಲಿ ಬೆಟ್ಟ ಕಾಣದೆ ಅಷ್ಟಮಿಯ ಚಂದ್ರನಲ್ಲಿ ಕಾಣುವುದು ಇದೇ ಕಾರಣಕ್ಕೆ. ಹುಣ್ಣಿಮೆಯಲ್ಲಿ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ನೇರವಾಗಿ ಬೀಳುತ್ತದೆ, ನೆರಳಿಗೆ ಜಾಗವಿಲ್ಲ.

ನಮ್ಮ ಪರಂಪರೆಗೆ ಈ ಅಭ್ಯಾಸ ಹೊಸದೇ ಎಂದು ಕೇಳಬಹುದು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ನೆರಳು ಹಾಕುವುದನ್ನು ‘ವರ್ತನ’ ಎಂದು ಕರೆದು ಮೂರು ಬಗೆ ಹೇಳುತ್ತದೆ: ಎಲೆಯ ನರದಂಥ ಗೆರೆಗಳಿಂದ, ಬಹು ಸೂಕ್ಷ್ಮವಾದ ಗೆರೆಗಳಿಂದ, ಚುಕ್ಕೆಗಳಿಂದ. ಇಂದಿನ ಡ್ರಾಯಿಂಗ್ ತರಗತಿಯ ಶೇಡಿಂಗ್ ಪಾಠದಲ್ಲೂ ಗೆರೆ ಮತ್ತು ಚುಕ್ಕೆಯ ಅಭ್ಯಾಸಗಳೇ ಇವೆ. ‘ನಿಮ್ನೋನ್ನತ’ವನ್ನು, ಅಂದರೆ ತಗ್ಗು ಉಬ್ಬುಗಳನ್ನು, ಬೇರ್ಪಡಿಸಿ ತೋರಿಸಬಲ್ಲವನನ್ನೇ ಆ ಗ್ರಂಥ ಚಿತ್ರ ಬಲ್ಲವನೆಂದು ಗೌರವಿಸುತ್ತದೆ. ಅಜಂತಾದ ಮುಖಗಳ ದುಂಡುತನ ನೋಡಿದವರಿಗೆ ಇದು ಪುಸ್ತಕದ ಮಾತಲ್ಲ ಎಂದು ಗೊತ್ತು. ಆದರೆ ಒಂದು ವ್ಯತ್ಯಾಸವಿದೆ. ಅಜಂತಾದಲ್ಲಿ ಬೆಳಕು ಒಂದೇ ಕಿಟಕಿಯಿಂದ ಬರುವುದಿಲ್ಲ. ಮೈ ಅಂಚಿನಿಂದ ನಡುವಿಗೆ ತಾನಾಗಿ ತಿಳಿಯಾಗುತ್ತದೆ, ಮೂಗಿನ ಮೇಲೆ, ಗಲ್ಲದ ಮೇಲೆ ಹೊಳಪು ಕೂರುತ್ತದೆ, ನೆಲದ ಮೇಲೆ ನೆರಳು ಬೀಳುವುದಿಲ್ಲ. ದುಂಡುತನ ಅಲ್ಲಿ ದೇಹದ ಗುಣ, ಹೊತ್ತಿನ ಗುಣವಲ್ಲ. ಬೋಧಿಸತ್ವನ ಮುಖಕ್ಕೆ ಬೆಳಗ್ಗೆ ಒಂದು, ಸಂಜೆ ಒಂದು ರೂಪ ಬೇಕಿರಲಿಲ್ಲ. ಇಟಲಿಯ ಅಭ್ಯಾಸ ಬೆಳಕಿಗೆ ಒಂದು ದಿಕ್ಕನ್ನು ಕಟ್ಟಿಹಾಕಿತು. ದಿಕ್ಕು ಗೊತ್ತಾದರೆ ನೆರಳಿನ ಉದ್ದದಿಂದ ಎತ್ತರವನ್ನು ಅಳೆಯಬಹುದು. ಒಂದು ಧ್ಯಾನಕ್ಕೆ ಒದಗಿತು, ಇನ್ನೊಂದು ಅಳತೆಗೆ ಒದಗಿತು. ಒಂದನ್ನು ಇನ್ನೊಂದರ ಮುಂದೆ ಸಣ್ಣದು ಮಾಡುವ ಅಗತ್ಯವಿಲ್ಲ.

ಕಿಟಕಿಯ ಪಕ್ಕದ ಗೋಳ ನಮ್ಮ ಶಾಲೆಗೆ ಬಂದದ್ದು ವಸಾಹತು ಕಾಲದಲ್ಲಿ. 1850ರಲ್ಲಿ ಮದ್ರಾಸಿನಲ್ಲಿ ಅಲೆಕ್ಸಾಂಡರ್ ಹಂಟರ್ ಕಲಾಶಾಲೆ ತೆರೆದ. 1854ರಲ್ಲಿ ಕಲ್ಕತ್ತ, 1857ರಲ್ಲಿ ಬೊಂಬಾಯಿ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನ ಪಠ್ಯಕ್ರಮ ಇವುಗಳಿಗೆ ಮಾದರಿಯಾಯಿತು: ಮೊದಲು ರೇಖಾಗಣಿತದ ಆಕೃತಿ, ಆಮೇಲೆ ಘನಾಕೃತಿ, ಆಮೇಲೆ ಪ್ಲಾಸ್ಟರಿನ ಅಚ್ಚು. ಉದ್ದೇಶ ಕುಶಲಕರ್ಮಿಗಳನ್ನು ತಯಾರಿಸುವುದು. ಫ್ಲಾರೆನ್ಸಿನಲ್ಲಿ ಗಣಿತ, ಕಾವ್ಯ, ಆಕಾಶಗಳ ನೆರೆಯಲ್ಲಿದ್ದ ಪಾಠ ಇಲ್ಲಿಗೆ ಬರುವಾಗ ನಕಲು ತೆಗೆಯುವ ಶಿಸ್ತಾಗಿ ಉಳಿಯಿತು. ಅದರ ವಿರುದ್ಧ ಕಲ್ಕತ್ತದಲ್ಲಿ ಹ್ಯಾವೆಲ್ ಮತ್ತು ಅವನೀಂದ್ರನಾಥ ಟ್ಯಾಗೋರರು ಎದ್ದದ್ದು ಸಹಜವೇ ಆಗಿತ್ತು. ಅಲ್ಲಿಗೆ 1909ರಲ್ಲಿ ಮೈಸೂರಿನಿಂದ ಕಲಿಯಲು ಹೋದ ಕೆ. ವೆಂಕಟಪ್ಪನವರು ಅವನೀಂದ್ರರ ಶಿಷ್ಯರಾದರು. ಆದರೂ ಅವರು ಮುಂದೆ ಊಟಿಯ ಬೆಟ್ಟಗಳ ಜಲವರ್ಣ ಚಿತ್ರಗಳನ್ನೂ ಪ್ಲಾಸ್ಟರಿನ ಉಬ್ಬುಶಿಲ್ಪಗಳನ್ನೂ ಮಾಡಿದರು. ಉಬ್ಬುಶಿಲ್ಪವೆಂದರೆ ಚಿತ್ರಕ್ಕೂ ವಿಗ್ರಹಕ್ಕೂ ನಡುವಿನದು. ಓರೆ ಬೆಳಕಿಲ್ಲದೆ ಅದು ಕಾಣಿಸುವುದೇ ಇಲ್ಲ.

ಪಾಠ ನಕಲಾಗಿ ಉಳಿದದ್ದು ಪಾಠದ ತಪ್ಪಲ್ಲ. ಮೇಷ್ಟ್ರ ಚಿತ್ರ ನೋಡಿ ಗೋಳಕ್ಕೆ ನೆರಳು ಹಾಕಿದ ವಿದ್ಯಾರ್ಥಿ ಮೇಷ್ಟ್ರ ಗೆರೆಯನ್ನು ಕಲಿಯುತ್ತಾನೆ. ಒಂದು ನಿಂಬೆಹಣ್ಣನ್ನು ಕಿಟಕಿಯ ಪಕ್ಕ ಇಟ್ಟು, ಬೆಳಕು ಎಲ್ಲಿಂದ, ಕಪ್ಪು ಎಲ್ಲಿ ದಟ್ಟ, ಅಂಚಿನಲ್ಲಿ ಯಾಕೆ ತಿಳಿ ಎಂದು ಒಂದೊಂದಾಗಿ ಕೇಳಿಕೊಂಡವನು ನೋಡುವುದನ್ನು ಕಲಿಯುತ್ತಾನೆ. ಅವನ ಚಿತ್ರ ಚೆನ್ನಾಗಿ ಬಾರದಿದ್ದರೂ ಚಿಂತೆಯಿಲ್ಲ.

ಹ್ಯಾರಿಯಟ್‌ನ ವಿಷಯ ಹೇಳಿ ಮುಗಿಸಬೇಕು. ಅವನು ಚಿತ್ರಕಾರರ ಸಹವಾಸವಿಲ್ಲದವನೇನಲ್ಲ. 1585ರಲ್ಲಿ ಅಮೆರಿಕದ ರೋನೋಕ್‌ಗೆ ಹೋದಾಗ ಜಾನ್ ವೈಟ್ ಎಂಬ ಒಳ್ಳೆಯ ಚಿತ್ರಕಾರನ ಜೊತೆಯಲ್ಲಿ ಆ ಪ್ರದೇಶವನ್ನು ಸುತ್ತಿ ವಿವರ ದಾಖಲಿಸಿದ್ದ. ಪಕ್ಕದಲ್ಲಿ ಕೂತು ನೋಡಿದ ಮಾತ್ರಕ್ಕೆ ಈ ವಿದ್ಯೆ ಬರುವುದಿಲ್ಲ, ಕೈ ಮಸಿಯಾಗಬೇಕು. ಆದರೆ ಗೆಲಿಲಿಯೊನ ಪುಸ್ತಕ ಇಂಗ್ಲೆಂಡಿಗೆ ತಲುಪಿದ ಮೇಲೆ, 1610ರ ಜುಲೈಯಲ್ಲಿ ಅವನು ಚಂದ್ರನನ್ನು ಮತ್ತೆ ಬರೆದ. ಈ ಸಲ ಗಡಿರೇಖೆಯ ಉದ್ದಕ್ಕೂ ದುಂಡನೆಯ ಕುಳಿಗಳಿವೆ. ಅಲ್ಲಿಗೇ ನಿಲ್ಲದೆ ರಾತ್ರಿಯ ಮೇಲೆ ರಾತ್ರಿ ನೋಡುತ್ತ, ಜಾಗಗಳಿಗೆ ಗುರುತು ಹಾಕುತ್ತ, ಪೂರ್ಣಚಂದ್ರನ ನಕ್ಷೆಯೊಂದನ್ನು ತಯಾರಿಸಿದ. ಯಾವ ಗುರುತು ಎಲ್ಲಿದೆ ಎಂಬ ಕರಾರುವಾಕ್ಕಿನಲ್ಲಿ ಆ ನಕ್ಷೆ ಗೆಲಿಲಿಯೊನ ಚಿತ್ರಗಳನ್ನು ಮೀರಿಸುತ್ತದೆ. ಚಂದ್ರನನ್ನು ಮೊದಲ ಸಲ ಬರೆದಾಗ ಅವನ ವಯಸ್ಸು ಐವತ್ತರ ಹತ್ತಿರ.